ಕಡಲೆ ಹೊಲದ ಹಾಜರಿ

ಮೆಣಸಗಿಯ ಅಂಗನವಾಡಿಯ ಸಕ್ಕೂಬಾಯಿ ಅಕ್ಕೋರು ಒಮ್ಮೆ ಗಂಟಲು ಸರಿಮಾಡಿಕೊಂಡರೆ ಮಲಪ್ರಭೆಯ ಆಚೆ ದಂಡೆಯ ಎಮ್ಮೆಗಳು ಮೇವು ಬಿಟ್ಟು ಕತ್ತೆತ್ತುತ್ತಿದ್ದವು. ಆಕೆಯ ಕೈಯಿಂದ ಗಂಜಿ ಕುಡಿದವರನ್ನೆಲ್ಲ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಸಾಲಿನ ತಲೆ ರೋಣದಲ್ಲಿ, ಬಾಲ ಗಜೇಂದ್ರಗಡದ ಗುಡ್ಡದ ಮೇಲೆ. ಹೊಳೆ ಊರೊಳಗೆ ನುಗ್ಗಿದ ವರ್ಷ ಜನರೆಲ್ಲ ಮಾಳಿಗೆ ಏರಿದಾಗ ಈಕೆ ಮಕ್ಕಳ ಬೇಳೆ ಡಬ್ಬಿಯನ್ನು ನೆತ್ತಿಯ ಮೇಲಿಟ್ಟುಕೊಂಡು ಕುತ್ತಿಗೆಮಟ್ಟದ ನೀರಿನಲ್ಲಿ ನಿಂತುಬಿಟ್ಟಿದ್ದಳು. ಎಷ್ಟು ಹೊತ್ತು ಎಂದರೆ, ಕಡೆಗೆ ಹೊಳೆಗೇ ನಾಚಿಕೆಯಾಗಿ ಇಳಿಯಿತು.

ಇಂಥ ಹೆಂಗಸು ಅಂಗೈಯಗಲದ ಒಂದು ಫೋನಿನ ಮುಂದೆ ಮೆತ್ತಗಾದಳು.

ಫೋನು ಇಲಾಖೆಯದು. ಕೊಟ್ಟಾಗ ಹೊಸದೇ ಇತ್ತಂತೆ. ಈಗ ಅದರ ವಯಸ್ಸು ಕೇಳಿದರೆ ಬಾದಾಮಿಯ ಗುಹೆಗಳೇ ಎದ್ದು ನಿಂತು ನಮಸ್ಕಾರ ಮಾಡಬೇಕು. ಬೆನ್ನು ಕಳಚಿಬಿದ್ದು ರಬ್ಬರ್ ಬ್ಯಾಂಡಿನ ಆಸರೆಯಲ್ಲಿತ್ತು. ಕಾಯ್ದರೆ ಮೇಲೆ ರೊಟ್ಟಿ ಬೇಯಿಸಬಹುದು, ಆರಿದರೆ ಮೊಸರು ಹೆಪ್ಪುಗಟ್ಟಿಸಬಹುದು. ಅದರೊಳಗೆ ‘ತೊಟ್ಟಿಲು’ ಎಂಬ ಆ್ಯಪ್. ಅಕ್ಕೋರು ಬಂದದ್ದು, ಮಕ್ಕಳು ಉಂಡದ್ದು, ಎಲ್ಲವೂ ಆ ತೊಟ್ಟಿಲಿನಲ್ಲಿ ಬಿದ್ದರೆ ಮಾತ್ರ ನಡೆದ ಹಾಗೆ. ಅದನ್ನು ಇಲಾಖೆಯ ಫೋನಿನಲ್ಲೇ ತೆರೆಯಬೇಕು, ಬೇರೆ ಫೋನಿನಲ್ಲಿ ಅದು ಬಾಗಿಲನ್ನೇ ತೆಗೆಯುವುದಿಲ್ಲ.

ತಿಂಗಳಿಗೊಮ್ಮೆ ಆ್ಯಪಿಗೆ ಹೊಸ ಆವೃತ್ತಿ ಬರುತ್ತಿತ್ತು. ಪ್ರತಿ ಸಲವೂ ಮೇಲಿನವರು ‘ಇನ್ನು ಮುಂದೆ ಇನ್ನೂ ಸುಲಭ’ ಎಂದು ಸಂದೇಶ ಹಾಕುತ್ತಿದ್ದರು. ಒಂದು ಆವೃತ್ತಿ ಬಂದು ಕನ್ನಡದ ಅಕ್ಷರಗಳನ್ನೆಲ್ಲ ಖಾಲಿ ಚೌಕಗಳನ್ನಾಗಿ ಮಾಡಿಟ್ಟು ಹೋಯಿತು. ಇನ್ನೊಂದು ಬಂದು ಮಕ್ಕಳ ತೂಕ ನುಂಗಿತು. ಮೂರು ವರ್ಷದ ಗುಂಡು ಹುಡುಗನೊಬ್ಬ ಒಂದು ವಾರವಿಡೀ ಬೆಕ್ಕಿನ ಮರಿಯಷ್ಟೇ ತೂಗಿದ. ಮೊದಲ ಸಲ ಸಕ್ಕೂಬಾಯಿ ಸಿಟ್ಟಿಗೆದ್ದು ಫೋನನ್ನು ಅಕ್ಕಿಯ ಚೀಲದೊಳಗೆ ಹೂತಿಟ್ಟಿದ್ದಳು. ಎರಡನೆಯ ಸಲ ಅತ್ತಿದ್ದಳು. ಬರಬರುತ್ತ ಸಿಟ್ಟು ಬರುವ ಜಾಗಕ್ಕೆ ಜೋಮು ಹಿಡಿಯಿತು. ಬಹಳ ಹೊತ್ತು ಮಡಚಿ ಕೂತ ಕಾಲಿನ ಹಾಗೆ, ಮುಟ್ಟಿದರೆ ಅದು ತನ್ನದೇ ಅನ್ನುವುದೂ ಗೊತ್ತಾಗುತ್ತಿರಲಿಲ್ಲ.

ದೀಪಾವಳಿ ಮುಗಿದ ಮೇಲೆ ಬಂದ ಆವೃತ್ತಿ ಅಕ್ಕೋರನ್ನೇ ಎತ್ತಿ ಹೊಳೆಯಾಚೆ ಒಗೆಯಿತು.

ಬೆಳಿಗ್ಗೆ ಒಂಬತ್ತರಿಂದ ಒಂಬತ್ತೂವರೆಯೊಳಗೆ ಕೇಂದ್ರದಲ್ಲಿ ನಿಂತು, ಫೋನಿಗೆ ಮುಖ ತೋರಿಸಿ, ಅದು ಹೇಳಿದಾಗ ಕಣ್ಣು ಮಿಟುಕಿಸಿದರೆ ಹಾಜರಿ. ಸಕ್ಕೂಬಾಯಿ ಹೊಸಿಲಲ್ಲಿ ನಿಂತು ಮಿಟುಕಿಸಿದಳು. ಫೋನು ನಕಾಶೆ ಬಿಚ್ಚಿತು. ಅದರಲ್ಲಿ ಆಕೆ ಉತ್ತರಕ್ಕೆ, ಹೊಳೆ ದಾಟಿ, ಪಕ್ಕದ ಜಿಲ್ಲೆಯ ಯಾರದೋ ತೋಟದ ನಡುವೆ ಕೆಂಪು ಚುಕ್ಕಿಯಾಗಿ ನಿಂತಿದ್ದಳು. ಕೆಳಗೆ ‘ನೀವು ಕೇಂದ್ರದಲ್ಲಿಲ್ಲ. ಗೈರು’ ಎಂದಿತ್ತು. ಮರುದಿನವೂ ಅದೇ ತೋಟ, ಅದರ ಮರುದಿನವೂ ಅದೇ.

ಅಡುಗೆಯ ಸಣ್ಣವ್ವ ಒಲೆ ಊದುತ್ತ ಕೇಳುತ್ತಿದ್ದಳು, “ಅಕ್ಕೋರ, ಇವತ್ತ ಎಲ್ಲಿ ಅದೀರಿ?”

“ಹೊಳಿ ಆಚಿ.”

“ಹಂಗಾರ ಬರೂಮುಂದ ಅಲ್ಲಿಂದ ನಾಕ ಬದನಿಕಾಯಿ ಹರಕೊಂಡ ಬರ್ರಿ. ನಮ್ಮ ಕಡೀವು ಬರೇ ಹುಳಾ ಹತ್ತ್ಯಾವು.”

ಸಕ್ಕೂಬಾಯಿ ನಗಲಿಲ್ಲ, ಮುನಿಯಲಿಲ್ಲ. ಮಕ್ಕಳ ತಟ್ಟೆ ಹಂಚಿದಳು.

ವಾರದ ಕೊನೆಗೆ ಮೇಲ್ವಿಚಾರಕಿ ಅರ್ಚನಾ ಮೇಡಂ ರೋಣದಿಂದ ಫೋನು ಮಾಡಿದಳು. “ಸಕ್ಕೂಬಾಯಾರ, ನಿಮ್ಮ ಗೈರು ಭಾಳ ಕಾಣಾಕತ್ತೈತಲ್ರಿ.”

“ನಾ ಇಲ್ಲೇ ಅದೀನ್ರಿ ಮೇಡಂ.”

“ನೀವು ಅದೀರಿ ಅಂತ ನನಗ ಗೊತ್ತೈತ್ರಿ. ಆ್ಯಪಿಗೆ ಗೊತ್ತಿಲ್ಲ.”

“ನೀವ ಅದಕ್ಕ ಒಂದ ಮಾತ ಹೇಳ್ರಿ ಹಂಗಾರ.”

“ಅದು ನನ್ನ ಮಾತ ಕೇಳೂ ಹಂಗಿದ್ರ ನನ್ನ ವರ್ಗಾವಣಿ ಬಗ್ಗೆ ಮೊದ್ಲ ಹೇಳ್ತಿದ್ದೆ. ತಿಂಗಳಪೂರ್ತಿ ಹಿಂಗ ಆದ್ರ ಕೇಂದ್ರ ಬಂದ್ ಬಿದ್ದೈತಿ ಅಂತ ತಿಳದು ಹೊಳೆಮಣ್ಣೂರಿಗೆ ಸೇರಿಸ್ತಾರ. ಮ್ಯಾಲಿಂದ ಆರ್ಡರ್ ಐತ್ರಿ. ಹೊಸಾ ಫೋನು ಬರೂತನಕ ಹ್ಯಾಂಗರೆ ಮಾಡಿ ಹಾಜರಿ ಬೀಳಿಸ್ರಿ.”

ಹೊಸ ಫೋನು ಬರುತ್ತದೆ ಎನ್ನುವ ಮಾತು ಕೇಳಿ ಕೇಳಿ ಆ ಮಾತಿಗೇ ನರೆ ಬಂದಿತ್ತು. ಆದರೆ ಹೊಳೆಮಣ್ಣೂರಿಗೆ ಸೇರಿಸುವುದೆಂದರೆ ಇಲ್ಲಿಯ ಬಾಗಿಲಿಗೆ ಬೀಗ. ಮೂರು ವರ್ಷದ ಕಾಲುಗಳಿಗೆ ಹೊಳೆಮಣ್ಣೂರೂ ಒಂದೇ, ಕಾಶಿಯೂ ಒಂದೇ. ಒಂದು ಮಗುವೂ ಹೋಗುವುದಿಲ್ಲ ಎಂಬುದು ಸಕ್ಕೂಬಾಯಿಗೆ ಗೊತ್ತಿತ್ತು.

ಅಲ್ಲದೆ ಅಂಗನವಾಡಿಯ ಓಣಿಯಲ್ಲಿ ಒಂದು ಪದ್ಧತಿಯಿತ್ತು. ಮಗುವನ್ನು ಮೊದಲ ದಿನ ಅಂಗನವಾಡಿಗೆ ತಂದಾಗ ತಾಯಿ ಅದನ್ನು ಚಾಪೆಯ ಮೇಲೆ ಕೂರಿಸುತ್ತಿರಲಿಲ್ಲ. ಅಕ್ಕೋರು ಸೆರಗು ಒಡ್ಡಬೇಕು, ತಾಯಿ ಆ ಉಡಿಯೊಳಗೆ ಒಂದು ಹಿಡಿ ಅಕ್ಕಿ ಹಾಕಿ, ಮೇಲೆ ಮಗುವನ್ನು ಹಾಕಿ, “ನಿಮ್ಮ ಉಡ್ಯಾಗ ಹಾಕೀನ್ರಿ” ಎನ್ನಬೇಕು. ಅಲ್ಲಿಂದ ಮುಂದೆ ದಿನವೂ ಬೆಳಿಗ್ಗೆ ಕೂಲಿಗೆ ಹೋಗುವಾಗ ಮಗು ಅಕ್ಕೋರ ಕೈಗೇ ಹೋಗಬೇಕು. ಅಡುಗೆಯವಳ ಕೈಗೆ ಕೊಡುವಂತಿಲ್ಲ, ಬಾಗಿಲಲ್ಲಿ ಬಿಟ್ಟು ಓಡುವಂತಿಲ್ಲ. ಉಡಿ ಒಡ್ಡಿದವಳು ಕಣ್ಣಿಗೆ ಬೀಳದಿದ್ದರೆ ಮಗು ತಾಯಿಯ ಜೊತೆಗೇ ವಾಪಸ್ಸು. ಇದನ್ನು ಯಾರೂ ಎಲ್ಲೂ ಬರೆದಿಟ್ಟಿರಲಿಲ್ಲ, ಯಾರೂ ಮುರಿದೂ ಇರಲಿಲ್ಲ.

ಸಕ್ಕೂಬಾಯಿ ಶನಿವಾರ ಮಧ್ಯಾಹ್ನ ರೋಣಕ್ಕೆ ಹೋದಳು. ಅಲ್ಲಿ ಮೊಬೈಲ್ ಅಂಗಡಿಯ ಜಾವೀದ ಎಂಥವನೆಂದರೆ ಬಾವಿಗೆ ಬಿದ್ದ ಫೋನನ್ನು ಎತ್ತಿ, ಹಿಂಡಿ, ಬಿಸಿಲಿಗೆ ಹಾಕಿ, ಅದರಿಂದಲೇ ಮಾಲೀಕನಿಗೆ ಫೋನು ಮಾಡುವವ. ಅವನೂ ಇದನ್ನು ತಿರುಗಿಸಿ ಮುರುಗಿಸಿ ನೋಡಿ ಕೈಚೆಲ್ಲಿದ.

“ಅಕ್ಕೋರ, ಹಳೇ ಆ್ಯಪ್ ಹಾಕಿದ್ರ ಅದು ಬಾಗಲಾನ ತೆರಿಯಂಗಿಲ್ಲ. ಹೊಸಾದು ಹಾಕಿದ್ರ ಬಾಗಲಾ ತೆರಿತೈತಿ, ಈ ಫೋನಿಗೆ ಕಣ್ಣ ಕಾಣಂಗಿಲ್ಲ. ತಾ ಎಲ್ಲಿ ಅದೀನಿ ಅಂಬೂದು ಇದಕ್ಕ ತಿಳಿವಲ್ದು. ಅಂದಾಜಿನ ಮ್ಯಾಲ ಒಗಿಯಾಕತ್ತೈತಿ.”

“ಮತ್ತ ಏನ್ ಮಾಡೂದಪಾ?”

“ಇದು ಒಗದ ಕಡೆ ನೀವ ಹೋಗಿ ಇದ್ದುಬಿಡ್ರಿ” ಎಂದು ಅವನು ನಕ್ಕ. ಆಕೆಯ ಮುಖ ನೋಡಿ ನಗು ನುಂಗಿ ಚಹಾ ತರಿಸಿದ. ಚಹಾ ಬಿಸಿಯೋ ತಣ್ಣಗೋ ಆಕೆಗೆ ಗೊತ್ತಾಗಲಿಲ್ಲ.

ವಾಪಸ್ಸು ಬರುವಾಗ ಬಸ್ಸಿನ ಗಾಲಿ ಒಡೆಯಿತು. ಸದ್ದಿಗೆ ನರಗುಂದದ ಗುಡ್ಡ ಒಮ್ಮೆ ಹಿಂದಕ್ಕೆ ಸರಿದು ಮತ್ತೆ ಮುಂದೆ ಬಂತು. ಎಲ್ಲರೂ ಇಳಿದರು. ರಸ್ತೆಯ ಮಗ್ಗುಲಿಗೇ ಹಾಲಸಿದ್ದಪ್ಪನ ಕಡಲೆ ಹೊಲ. ಸಕ್ಕೂಬಾಯಿ ಬದುವಿನ ಮೇಲೆ ನಿಂತು ಹೊತ್ತು ಎಷ್ಟಾಯಿತೆಂದು ಫೋನು ತೆಗೆದಳು. ಜಾವೀದ ನೋಡಿ ಕೊಟ್ಟಾಗಿನಿಂದ ಆ್ಯಪ್ ತೆರೆದೇ ಇತ್ತು. ಕೆಂಪು ಹೋಗಿ ಕಡಲೆಯಷ್ಟೇ ಹಸಿರಾಗಿ ‘ನೀವು ಕೇಂದ್ರದ ಒಳಗಿದ್ದೀರಿ’ ಎಂದಿತ್ತು.

ಆಕೆ ಎರಡು ಹೆಜ್ಜೆ ಆಚೆ ಹೋದಳು. ಕೆಂಪು. ವಾಪಸ್ಸು ಬಂದಳು. ಹಸಿರು.

ಲೆಕ್ಕ ತಿಳಿಯಲು ಹೊತ್ತು ಬೇಕಾಗಲಿಲ್ಲ. ಫೋನು ಆಕೆಯನ್ನು ಎಷ್ಟು ದೂರ ಉತ್ತರಕ್ಕೆ ಒಗೆಯುತ್ತಿತ್ತೋ ಅಷ್ಟೇ ದೂರ ದಕ್ಷಿಣಕ್ಕೆ ಬಂದು ನಿಂತರೆ, ಅದು ಒಗೆದದ್ದು ಸರಿಯಾಗಿ ಅಂಗನವಾಡಿಯ ಹೊಸಿಲ ಮೇಲೇ ಬೀಳುತ್ತಿತ್ತು. ಈ ಶೋಧ ಮಾಡಿದವರು ಬೇರೆ ಯಾರಾದರೂ ಆಗಿದ್ದರೆ ಕುಣಿದು ಹೊಲ ಉತ್ತುಬಿಡುತ್ತಿದ್ದರು. ಆಕೆ ಫೋನು ಚೀಲಕ್ಕೆ ಹಾಕಿ, ಗಾಲಿ ಬದಲಿಸಿದ ಮೇಲೆ ಬಸ್ಸು ಹತ್ತಿದಳು.

ಸೋಮವಾರ ಒಂಬತ್ತಕ್ಕೆ ಆಕೆ ಕಡಲೆಯ ನಡುವೆ ನಿಂತಿದ್ದಳು. ಹೊಲದ ಒಡೆಯ ಹಾಲಸಿದ್ದಪ್ಪ ಎತ್ತು ಬಿಟ್ಟು ಬಂದ.

“ಏನ್ರಿ ಅಕ್ಕೋರ, ಕಡ್ಲಿ ಪಲ್ಯಾ ಬೇಕಾಗಿತ್ತೇನು? ಹರಕೋರಿ, ಕುಡಿ ಚಿವುಟಿದಷ್ಟೂ ಚಲೋ ಕವಲ ಒಡಿತೈತಿ.”

“ಪಲ್ಯಾಕ ಬಂದಿಲ್ಲ. ಹಾಜರಿ ಹಾಕಾಕ ಬಂದೀನಿ.”

“ಯಾರ ಹಾಜರಿ?”

“ನಂದ.”

“ನನ್ನ ಹೊಲದಾಗ?”

“ಹೂಂ. ಇಲ್ಲಿ ನಿಂತ್ರ ನಾ ಅಲ್ಲಿ ಇರ್ತೀನಿ. ಅಲ್ಲಿ ನಿಂತ್ರ ಹೊಳಿ ಆಚಿಗೆ ಇರ್ತೀನಿ.”

ಹಾಲಸಿದ್ದಪ್ಪ ರುಮಾಲು ಬಿಚ್ಚಿ ಮತ್ತೆ ಸುತ್ತಿಕೊಂಡ. ಅವನು ರುಮಾಲು ಬಿಚ್ಚಿದನೆಂದರೆ ಹುಲಿಯನ್ನೇ ಕಂಡಿರಬೇಕು, ಸಣ್ಣ ಮಾತಿಗೆ ಬಿಚ್ಚುವವನಲ್ಲ. “ಹಂಗಾರ ನಾ ಈಗ ಇಲ್ಲಿ ಅದೀನ್ಯೋ, ನಿಮ್ಮ ಅಂಗನವಾಡ್ಯಾಗ ಅದೀನ್ಯೋ?”

“ನಿಮ್ಮ ಕಡೆ ಫೋನ ಇಲ್ಲಲ್ಲ. ಇಲ್ಲೇ ಅದೀರಿ.”

“ಚಲೋ ಆತು ಬಿಡ್ರಿ” ಎಂದು ಅವನು ಎತ್ತಿನ ಕಡೆ ನಡೆದ.

ಸಕ್ಕೂಬಾಯಿ ಮುಖ ನೇರ ಹಿಡಿದು ಕಣ್ಣು ಮಿಟುಕಿಸಿದಳು. ಆ ಮುದಿ ಫೋನು ಒಂದು ಮಿಟುಕನ್ನು ನಂಬಲು ತೆಗೆದುಕೊಳ್ಳುವ ಹೊತ್ತಿನಲ್ಲಿ ಒಂದು ಮದುವೆ ಮಾಡಿ, ಬೀಗರನ್ನು ಉಣ್ಣಿಸಿ ಕಳಿಸಬಹುದು. ಚಕ್ರ ತಿರುಗಿತು, ನಿಂತಿತು, ಮತ್ತೆ ತಿರುಗಿತು. ಕೊನೆಗೆ ಹಸಿರು ಬಂತು.

ಹೀಗೇ ನಡೆಯಿತು. ದಿನವೂ ಬೆಳಿಗ್ಗೆ ಆಕೆ ಊರು ಬಿಟ್ಟು ಹೊಲಕ್ಕೆ ಬಂದು ಊರಿನಲ್ಲಿ ಹಾಜರಾಗುತ್ತಿದ್ದಳು. ಕಡಲೆಯ ಹುಳಿ ಇಬ್ಬನಿ ಸೀರೆಯ ಅಂಚನ್ನು ತೊಯ್ಯಿಸಿ ಬಣ್ಣ ತಿನ್ನುತ್ತಿತ್ತು. ಕಾಲಿನ ಚರ್ಮ ಸೀಳಿದ್ದನ್ನು ಸಣ್ಣವ್ವ ತೋರಿಸಿದ ಮೇಲೆ ಆಕೆ ಬಗ್ಗಿ ನೋಡಿದಳು. ಯಾರದೋ ಕಾಲಿನ ಹಾಗೆ ಕಂಡಿತು.

“ಉರಿಯಂಗಿಲ್ಲೇನ್ರಿ ಅಕ್ಕೋರ?”

“ಉರಿತಿರಬೇಕು.”

ಮಾರನೆಯ ವಾರ ರೋಣದಲ್ಲಿ ಮೀಟಿಂಗ್ ಇತ್ತು. ಗೋಡೆಯ ಮೇಲೆ ದೊಡ್ಡ ಪರದೆ. ಅರ್ಚನಾ ಮೇಡಂ ಎದ್ದು ನಿಂತು, ಹಿಂದಿನ ವಾರ ಒಂದು ನಿಮಿಷವೂ ತಪ್ಪದೆ ಹಾಜರಾದವರೆಂದರೆ ಮೆಣಸಗಿಯ ಸಕ್ಕೂಬಾಯಿಯವರು, ಎಲ್ಲರೂ ಅವರನ್ನು ನೋಡಿ ಕಲಿಯಬೇಕು ಎಂದಳು. ಪರದೆಯ ಮೇಲೆ ಸಕ್ಕೂಬಾಯಿಯ ಮುಖ ಎತ್ತಿನ ಬಂಡಿಯಷ್ಟು ದೊಡ್ಡದಾಗಿ ಮೂಡಿತು. ಹಿಂದೆ ಆಕಾಶ, ಕಿವಿಯ ಹತ್ತಿರ ಒಂದು ಕಡಲೆ ಗಿಡ, ಮೂಲೆಯಲ್ಲಿ ಎತ್ತಿನ ಬಾಲ. ಕೆಳಗೆ ‘ಕೇಂದ್ರದ ಒಳಗೆ’ ಎಂದು ಬರೆದಿತ್ತು. ಚಪ್ಪಾಳೆ ಎಷ್ಟು ಜೋರಾಗಿ ಬಿತ್ತೆಂದರೆ ಮಾಡಿನ ಪಾರಿವಾಳಗಳು ಗದಗ ಸೇರಿದವು. ಎತ್ತಿನ ಬಾಲದ ಬಗ್ಗೆ ಯಾರೂ ಕೇಳಲಿಲ್ಲ. ಸಕ್ಕೂಬಾಯಿ ಎಲ್ಲರೊಂದಿಗೆ ತಾನೂ ಚಪ್ಪಾಳೆ ತಟ್ಟಿದಳು, ಅದು ತನ್ನ ಮುಖಕ್ಕೇ ಎಂಬುದು ಆಮೇಲೆ ನೆನಪಾಯಿತು.

ಆದರೆ ಒಂಬತ್ತು ಗಂಟೆ ಎನ್ನುವುದು ಆ್ಯಪಿಗೆ ಮಾತ್ರ ಸೇರಿದ್ದಲ್ಲ. ಊರ ಹೆಂಗಸರು ಮೆಣಸಿನಕಾಯಿ ಬಿಡಿಸಲು ಹೋಗುವ ಟಂಟಂ ಹೊರಡುವುದೂ ಆಗಲೇ. ಎಂಟು ಜನ ಕೂರುವ ಆ ಮೂರು ಗಾಲಿಯ ಗಾಡಿಯಲ್ಲಿ ಅರ್ಧ ಊರು ಕೂರುತ್ತಿತ್ತು. ಉಳಿದರ್ಧ ಜೋತುಬೀಳುತ್ತಿತ್ತು. ಹೆಂಗಸರು ಮಕ್ಕಳನ್ನು ಎತ್ತಿಕೊಂಡು ಅಂಗನವಾಡಿಗೆ ಬಂದರೆ ಅಲ್ಲಿ ಅಕ್ಕೋರಿಲ್ಲ. ಹೊಗೆಯೊಳಗಿನಿಂದ ಸಣ್ಣವ್ವ, “ಬಿಟ್ಟ ಹೋಗ್ರಿ, ಈಗ ಬರ್ತಾರ” ಎನ್ನುತ್ತಿದ್ದಳು. ಅವರು ಬಿಡುತ್ತಿರಲಿಲ್ಲ. ಟಂಟಂ ಹಾರ್ನ್ ಹೊಡೆಯುತ್ತಿತ್ತು. ಮಗು ಮತ್ತೆ ಕಂಕುಳಿಗೆ.

ಆ ಟಂಟಂ ಹಾಲಸಿದ್ದಪ್ಪನ ಹೊಲದ ಮಗ್ಗುಲಿಂದಲೇ ಹೋಗಬೇಕಿತ್ತು.

ಮೊದಲ ದಿನ ಸಕ್ಕೂಬಾಯಿ ಅದರಲ್ಲಿ ತನ್ನ ಒಂದು ಮಗುವನ್ನು ಕಂಡಳು. ಆಮೇಲೆ ಮೂರು ನಾಲ್ಕು. ವಾರ ಕಳೆಯುವುದರೊಳಗೆ ಆಕೆಯ ಇಡೀ ಅಂಗನವಾಡಿ ಬೆಳಿಗ್ಗೆ ಬೆಳಿಗ್ಗೆ ಟಂಟಂ ಏರಿ ಆಕೆಯ ಕಣ್ಣೆದುರಿಗೇ ಹಾಯ್ದು ಹೋಗತೊಡಗಿತು. ಆಕೆ ಇತ್ತ ಫೋನಿಗೆ ಕಣ್ಣು ಮಿಟುಕಿಸುತ್ತಿದ್ದಳು, ಅತ್ತ ಮಕ್ಕಳು ಕೈ ಬೀಸುತ್ತಿದ್ದವು. ಕೈ ಬೀಸಿದರೆ ಮುಖ ಅಲುಗುತ್ತದೆ, ಮುಖ ಅಲುಗಿದರೆ ಆ್ಯಪ್ ಮೊದಲಿನಿಂದ ಶುರುಮಾಡುತ್ತದೆ. ಆಕೆ ಕೈ ಬೀಸಲಿಲ್ಲ. ಹಸಿರು ಬಂದ ಮೇಲೆ ನಡೆದು ಊರು ಸೇರಿದರೆ ಚಾಪೆ ಖಾಲಿ. ಸಣ್ಣವ್ವ ಬೇಯಿಸಿದ ತತ್ತಿಗಳು ಬೋಗುಣಿಯಲ್ಲಿ ತಣ್ಣಗೆ ಕೂತಿರುತ್ತಿದ್ದವು.

“ಹಾಜರಿ ಬಿತ್ತ್ರೇನು?” ಎನ್ನುತ್ತಿದ್ದಳು ಸಣ್ಣವ್ವ.

“ಬಿತ್ತು.”

“ಒಟ್ಟ ಒಬ್ಬರರೆ ಹಾಜರ ಅದೀರಲ್ಲ.”

ಒಂದು ದಿನ ಸಂಜೆ ದಾರಿಯಲ್ಲಿ, ಮೆಣಸಿನಕಾಯಿ ಬಿಡಿಸಲು ಹೋಗುವ ದೇವಿಕಾಳ ಮಗಳು ಮೇಘಾ ಸಿಕ್ಕಳು. ಮೂರು ವರ್ಷದ ಹುಡುಗಿ, ಒಂದು ಕಾಲಕ್ಕೆ ಅಂಗನವಾಡಿಗೆ ಎಲ್ಲರಿಗಿಂತ ಮೊದಲು ಬಂದು ಅಕ್ಕೋರ ಕುರ್ಚಿಯಲ್ಲೇ ಕೂತು ಅಕ್ಕೋರಿಗೇ ಹಾಡು ಹೇಳಿಕೊಡುವವಳು. ಮೆಣಸಿನಕಾಯಿಯ ರಾಶಿಯಲ್ಲಿ ಆಡಿ, ಅದೇ ಕೈಯಿಂದ ಕಣ್ಣು ಉಜ್ಜಿಕೊಂಡು ಎರಡೂ ಕಣ್ಣು ಬಾವು ಬಂದು ಮುಚ್ಚಿಹೋಗಿದ್ದವು. ತಾಯಿ ಒದ್ದೆ ಬಟ್ಟೆ ಒತ್ತಿ ಹಿಡಿದುಕೊಂಡಿದ್ದಳು. ಸಕ್ಕೂಬಾಯಿ ನಿಂತು ನೋಡಿದಳು. ಏನಾದರೂ ಅನ್ನಿಸಬೇಕಿತ್ತು. ಅನ್ನಿಸುವುದಕ್ಕೆ ಕಾದಳು. ದೇವಿಕಾ ಮುಂದೆ ಹೋದಳು.

ಮರುದಿನ ಟಂಟಂ ಹೊಲದ ಹತ್ತಿರ ನಿಂತಿತು. ದೇವಿಕಾ ಡ್ರೈವರನ ಬೆನ್ನಿಗೆ ಗುದ್ದಿ ನಿಲ್ಲಿಸಿದ್ದಳು. ಫೋನಿನಲ್ಲಿ ಚಕ್ರ ತಿರುಗುತ್ತಿತ್ತು.

“ಅಕ್ಕೋರ, ಒಂದ ಮಾತ ಕೇಳ್ತೀನಿ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ದಿನ್ನಾ ಮುಂಜಾನೆ ಯಾರದರೆ ಹೊಲದಾಗ ನಿಂತು ಫೋಟೋ ತಕ್ಕೊಳ್ಳೂ ಹಂತಾ ಹರೇ ಏನ್ ಬಂದೈತ್ರಿ ನಿಮಗ?”

ಟಂಟಂನೊಳಗೆ ಹೆಂಗಸರು ನಕ್ಕರು.

“ಫೋಟೋ ಅಲ್ಲವಾ. ಹಾಜರಿ. ಇಲ್ಲಿ ನಿಲ್ಲಲಿಲ್ಲಾಂದ್ರ ಅಂಗನವಾಡಿ ಹೊಳೆಮಣ್ಣೂರಿಗೆ ಹೋಗತೈತಿ.”

“ಇಲ್ಲಿ ನಿಂತ್ರ ಉಳಿತೈತೇನ್ರಿ?”

“ಉಳಿತೈತಿ.”

“ಯಾರ ಸಲುವಾಗಿ ಉಳಿತೈತ್ರಿ?” ದೇವಿಕಾ ಟಂಟಂನಿಂದ ಇಳಿದಳು. ಮಾತಿನಲ್ಲಿ ಸಿಟ್ಟೇನೂ ಇರಲಿಲ್ಲ, ಉಪ್ಪಿನ ರೇಟು ಕೇಳಿದ ಹಾಗೆ ಕೇಳಿದಳು. “ಹುಡುಗರೆಲ್ಲಾ ಮೆಣಸಿನಕಾಯ್ಯಾಗ ಅದಾವು. ನೀವು ಕಡ್ಲ್ಯಾಗ ಅದೀರಿ. ಅಲ್ಲಿ ಸಣ್ಣವ್ವ ಒಬ್ಬಾಕಿ ತತ್ತಿ ತಿನ್ನಾಕತ್ತಾಳ.”

ಫೋನು ಗುಂಯ್ಗುಟ್ಟಿತು. ‘ಮುಖ ನೇರ ಹಿಡಿಯಿರಿ. ಕಣ್ಣು ಮಿಟುಕಿಸಿ.’ ಒಂಬತ್ತೂವರೆಗೆ ಸ್ವಲ್ಪವೇ ಉಳಿದಿತ್ತು. ದೇವಿಕಾ ಮಗಳನ್ನು ಎತ್ತಿ ಬದುವಿನ ಮೇಲಿಂದ ಮುಂದಕ್ಕೆ ಹಿಡಿದಳು. ಮೇಘಾಳ ಕಣ್ಣುಗಳು ಇನ್ನೂ ಅರ್ಧವೇ ತೆರೆದಿದ್ದವು.

“ಉಡಿ ಒಡ್ಡ್ರಿ.”

“ಒಂದ ನಿಮಿಷ ತಡಿ ದೇವಿಕಾ, ಇದೊಂದ…”

“ಟಂಟಂ ಹೊಂಡತೈತ್ರಿ. ನೀವು ಇರೂ ಕಡೇನ ಕೊಡ್ತೀನಿ, ಹಿಡೀರಿ.”

ಉಡಿ ಒಡ್ಡಲು ಎರಡು ಕೈ ಬೇಕು. ಫೋನು ಹಿಡಿಯಲು ಒಂದು ಬೇಕು. ಸಕ್ಕೂಬಾಯಿ ತನ್ನ ಕೈಗಳನ್ನು ನೋಡಿದಳು, ಅವು ಏನು ಮಾಡುತ್ತವೋ ನೋಡೋಣ ಎನ್ನುವ ಹಾಗೆ. ಬಲಗೈ ಫೋನನ್ನು ಕಡಲೆ ಗಿಡಗಳ ನಡುವೆ ಇಟ್ಟಿತು. ಎರಡೂ ಕೈ ಸೇರಿ ಸೆರಗು ಬಿಡಿಸಿದವು. ಮೇಘಾ ಉಡಿಯೊಳಗೆ ಧೊಪ್ಪನೆ ಬಿದ್ದಳು. ಅವಳ ಹಿಂದೆ ಇನ್ನೊಂದು, ಆಮೇಲೆ ಮತ್ತೊಂದು. ಟಂಟಂನೊಳಗಿಂದ ಮಕ್ಕಳು ಎಷ್ಟು ಇಳಿದವೆಂದರೆ ಗಾಡಿ ಹಗುರಾಗಿ ಮುಂದಿನ ಗಾಲಿ ನೆಲ ಬಿಟ್ಟು ಒಂದು ಗೇಣು ಮೇಲೆದ್ದಿತು. ಹೆಂಗಸರು ಹೋದರು. ಅಕ್ಕೋರು ಹೊಲದ ನಡುವೆ, ಸುತ್ತಲೂ ಅಂಗನವಾಡಿ. ಗಿಡಗಳ ಕೆಳಗೆ ಫೋನು ಕೆಂಪಗೆ ಒಮ್ಮೆ ಹೊಳೆದು ಆರಿತು.

ಆಕೆ ಫೋನನ್ನು ಎತ್ತಿ ಚೀಲಕ್ಕೆ ಹಾಕಿ, ಮಕ್ಕಳನ್ನು ಒಬ್ಬರ ಅಂಗಿ ಒಬ್ಬರು ಹಿಡಿಯುವಂತೆ ಸಾಲು ಮಾಡಿ ಊರಿಗೆ ನಡೆಸಿಕೊಂಡು ಬಂದಳು. ಮೇಘಾ ಕಂಕುಳಲ್ಲಿದ್ದಳು. ದಾರಿಯಲ್ಲಿ ಆಕೆಗೆ ದುಃಖವಾಗಲಿಲ್ಲ, ಸಂತೋಷವೂ ಆಗಲಿಲ್ಲ. ಹುಡುಗಿ ಭಾರ ಇದ್ದಳು, ಅಷ್ಟು ಗೊತ್ತಾಯಿತು.

ಮರುದಿನದಿಂದ ಸಕ್ಕೂಬಾಯಿ ಒಂಬತ್ತಕ್ಕೆ ಅಂಗನವಾಡಿಯ ಬಾಗಿಲಲ್ಲೇ ನಿಂತಳು. ಹೆಂಗಸರು ಬಂದು ಮಕ್ಕಳನ್ನು ಕೈಗಿಟ್ಟು ಟಂಟಂ ಹತ್ತಿದರು. ಫೋನು ಆಕೆಯನ್ನು ಹೊಳೆಯಾಚೆಯ ತೋಟದಲ್ಲಿ ನಿಲ್ಲಿಸಿ ಗೈರು ಹಾಕಿತು. ದಿನವೂ ಹಾಕಿತು. ಆಕೆ ಅದನ್ನು ಕಿಟಕಿಯಲ್ಲಿಟ್ಟು ಚಾರ್ಜಿಗೆ ಹಚ್ಚುವುದನ್ನು ಮಾತ್ರ ತಪ್ಪಿಸಲಿಲ್ಲ. ಸರಕಾರದ ಸಾಮಾನು.

ಗೈರಿನಲ್ಲೇ ಒಂದು ತಿಂಗಳು ತುಂಬಿ ಮುಂದಿನ ವಾರ ಅರ್ಚನಾ ಮೇಡಂ ತಾನೇ ಬಂದಳು. ಮಕ್ಕಳು ಉಣ್ಣುತ್ತಿದ್ದವು. ಅನ್ನ ಕಲಸುವ ಸದ್ದಿಗೆ ಮೇಡಂನ ಮಾತು ಆಕೆಗೇ ಕೇಳುತ್ತಿರಲಿಲ್ಲ. ಬಾಗಿಲಲ್ಲೇ ನಿಂತು ತಲೆ ಎಣಿಸಿದಳು.

“ಅದಾವಲ್ರಿ ಹುಡುಗರು” ಎಂದಳು.

“ಅದಾವ್ರಿ.”

“ನನ್ನ ಕಣ್ಣಾರೆ ನೋಡಾಕತ್ತೀನಿ ಖರೇ. ನನ್ನ ಕಣ್ಣಿಗೆ ಆ್ಯಪಿನ್ಯಾಗ ಜಾಗಾ ಇಲ್ಲ, ಏನ್ ಮಾಡ್ಲಿ? ಅಷ್ಟ ಚಂದ ಹಾಜರಿ ಬೀಳಾಕತ್ತಿತ್ತಲ್ರಿ, ಏನಾತು ನಿಮಗ?”

“ಈಗ ನಾ ಖರೇನ ಇಲ್ಲಿಗೆ ಬರಾಕತ್ತೀನ್ರಿ.”

ಮೇಡಂಗೆ ಅರ್ಥವಾಯಿತೋ ಇಲ್ಲವೋ, ತಲೆ ಆಡಿಸಿದಳು. ಸೋಮವಾರದಿಂದ ಅಕ್ಕಿ, ಬೇಳೆ, ತತ್ತಿ ಹೊಳೆಮಣ್ಣೂರಿಗೆ. ಸಕ್ಕೂಬಾಯಿಯವರೂ ಅಲ್ಲಿಗೇ ಹೋಗಿ ಸೇರಬೇಕು, ಹೋಗದಿದ್ದರೆ ಕೆಲಸ ಬಿಟ್ಟ ಹಾಗೆ. ಇದನ್ನೆಲ್ಲ ಆಕೆ ನೆಲ ನೋಡುತ್ತ ಹೇಳಿದಳು. ಸಕ್ಕೂಬಾಯಿ ಕಿಟಕಿಯಿಂದ ಫೋನು ತಂದು ಕೊಟ್ಟಳು.

“ಚಾರ್ಜರ್?”

ಚಾರ್ಜರನ್ನೂ ತಂದು ಕೊಟ್ಟಳು. ಮೇಡಂನ ಗಾಡಿ ಹೋದ ಮೇಲೂ ಧೂಳು ಬಹಳ ಹೊತ್ತು ಅಲ್ಲೇ ನಿಂತಿತ್ತು, ತಾನೂ ರೋಣಕ್ಕೆ ಹೋಗುವುದೋ ಇಲ್ಲೇ ಇರುವುದೋ ಎಂದು ಯೋಚಿಸುವ ಹಾಗೆ.

ಮಕ್ಕಳು ಉಂಡು ಮಲಗಿದವು. ಸಣ್ಣವ್ವ ಬೋಗುಣಿ ತಿಕ್ಕುತ್ತ ಕೇಳಿದಳು, “ಸೋಮಾರ ಒಲಿ ಹಚ್ಚಲ್ಯೋ ಬ್ಯಾಡೋ, ಅಕ್ಕೋರ?”

“ಟಂಟಂ ಬರತೈತಲ್ಲ ಸೋಮಾರ.”

“ಬರತೈತ್ರಿ.”

“ಮತ್ತ ನಾ ಎಲ್ಲಿಗೆ ಹೋಗ್ಲಿ? ಹಚ್ಚು.”

“ಒಲಿ ಹಚ್ಚೂದೇನ ಹಚ್ಚೇನ್ರಿ. ಮ್ಯಾಲ ಇಡಾಕ ಏನೈತಿ?”

ಸಕ್ಕೂಬಾಯಿ ಡಬ್ಬಿಗಳ ಕಡೆ ನೋಡಿದಳು. ಸಣ್ಣವ್ವ ಬೋಗುಣಿಯನ್ನು ಬಿಸಿಲಿಗೆ ಬೋರಲು ಹಾಕಿ, ಕೈಯ ಬೂದಿಯನ್ನು ಸೀರೆಗೆ ಒರೆಸಿಕೊಂಡಳು.

“ನಮ್ಮ ಮನ್ಯಾಗ ಜ್ವಾಳದ ನುಚ್ಚ ಐತಿ” ಎಂದಳು. “ಹುಡುಗರು ಮಾರಿ ಸೊಟ್ಟ ಮಾಡ್ತಾವು, ನೋಡ್ರಿ ಬೇಕಾರ.”

“ಮಾಡ್ಲಿ” ಎಂದು ಸಕ್ಕೂಬಾಯಿ ಮಲಗಿದ ಮಕ್ಕಳ ನಡುವೆ ಜಾಗ ಮಾಡಿಕೊಂಡು ಕೂತಳು.